ಗೋಡೆಯ ಬಿರುಕಿನ ಶತ್ರು

ರಾಜಾಜಿನಗರ, ವಿಜಯನಗರಗಳ ಒತ್ತೊತ್ತಾದ ಮನೆಗಳಲ್ಲಿ ನಾಯಿಯನ್ನು ಸಾಕಿದವರು ಅದರ ಕಿವಿಯ ಮಡಿಕೆಯಲ್ಲಿ ಕಂದುಬಣ್ಣದ ಉಣ್ಣೆಯನ್ನು ಕಂಡಿರಬಹುದು. ಎಳ್ಳಿನಷ್ಟಿದ್ದ ಈ ಜೀವಿ ರಕ್ತ ಹೀರಿ ಹರಳುಬೀಜದಂತೆ ಉಬ್ಬುತ್ತದೆ. ಅದು ಹೀರುವ ರಕ್ತಕ್ಕಿಂತ ನಾಯಿಯ ಮೈಗೆ ಸೇರಿಸುವ ರೋಗಾಣುಗಳೇ ಹೆಚ್ಚು ಅಪಾಯಕಾರಿ.

ಬಬೇಸಿಯ ಎಂಬ ಏಕಕೋಶ ಪರಾವಲಂಬಿಯು ಕೆಂಪು ರಕ್ತಕಣಗಳನ್ನು ಹೊಕ್ಕು ನಾಶಪಡಿಸುತ್ತದೆ. ಇದರ ಒಂದು ಪ್ರಭೇದವನ್ನು 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿಯು ಮದರಾಸಿನ ಬೇಟೆನಾಯಿಗಳಲ್ಲಿ ಗುರುತಿಸಿದನು. ಎರ್ಲಿಕಿಯ ಎಂಬ ಬ್ಯಾಕ್ಟೀರಿಯ ಬಿಳಿಯ ರಕ್ತಕಣಗಳಲ್ಲಿ ನೆಲಸುತ್ತದೆ. ಜ್ವರ ಬರುವುದು, ನಾಯಿ ಆಹಾರ ಮುಟ್ಟದಿರುವುದು, ಒಸಡು ಬಿಳಿಚಿಕೊಳ್ಳುವುದು, ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುವುದು ಇವುಗಳ ಲಕ್ಷಣಗಳು. ಪಶುವೈದ್ಯರು ರಕ್ತಪರೀಕ್ಷೆಯಿಂದ ರೋಗವನ್ನು ನಿರ್ಧರಿಸುತ್ತಾರೆ. ಬೇಗನೆ ಚಿಕಿತ್ಸೆ ದೊರೆತರೆ ಹೆಚ್ಚಿನ ನಾಯಿಗಳು ಬದುಕುತ್ತವೆ.

ಆದರೆ ಔಷಧವೊಂದೇ ಸಾಲದು. ಉಣ್ಣೆಯು ರಕ್ತ ಹೀರಲು ಮಾತ್ರ ನಾಯಿಯ ಮೈಯೇರುತ್ತದೆ. ಉಳಿದ ಕಾಲವನ್ನೆಲ್ಲ ಗೋಡೆಯ ಬಿರುಕು, ಬಾಗಿಲ ಸಂದುಗಳಲ್ಲಿ ಕಳೆಯುತ್ತದೆ. ಹೆಣ್ಣು ಉಣ್ಣೆ ಅಲ್ಲಿಯೇ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆದುದರಿಂದ ನಾಯಿಯ ಮೈಯನ್ನು ನಿತ್ಯವೂ ಪರೀಕ್ಷಿಸುವುದರೊಡನೆ ಅದರ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು, ಬಿರುಕುಗಳನ್ನು ಮುಚ್ಚಬೇಕು. ಅಕ್ಕಪಕ್ಕದ ಮನೆಯವರೂ ಇದಕ್ಕೆ ಕೈಜೋಡಿಸಬೇಕು. ಏಕೆಂದರೆ ಉಣ್ಣೆ ಗೋಡೆಯನ್ನೇರಿ ದಾಟಬಲ್ಲುದು. ಮೂಕಪ್ರಾಣಿ ತನ್ನ ಬೇನೆಯನ್ನು ಹೇಳಲಾರದು. ಅದನ್ನು ಅರಿತು ಸಕಾಲದಲ್ಲಿ ಆರೈಕೆ ಮಾಡುವುದು ಸಾಕಿದವರ ಕರ್ತವ್ಯ.