‘ಯಾರು ಬೆಂಕಿ ಇಟ್ಟರು ಅಂತ ಬರೆದುಕೊಡಿ ಸಾರ್’

ಹೊಸದುರ್ಗ, ಹೊಳಲ್ಕೆರೆ ಕಡೆ ಬಣವೆ ಸುಟ್ಟರೆ ನೀರಿಗಿಂತ ಮೊದಲು ಹೆಸರು ಓಡಾಡುತ್ತದೆ. ಆಗದವರ ಹೆಸರು.

ತಪ್ಪು ಕಲ್ಪನೆ: ಯಾರೂ ಇಡದೆ ಬಣವೆ ಹತ್ತಲ್ಲ.
ಹತ್ತುತ್ತದೆ. ಸರಿಯಾಗಿ ಆರದ ಮೇವನ್ನು ಒತ್ತಿ ಒಟ್ಟಿದರೆ ಸೂಕ್ಷ್ಮಜೀವಿಗಳಿಂದ ಒಡಲೊಳಗೇ ಕಾವೇರಿ, ಕೆಲವು ವಾರ ಕಳೆದು ಹೊತ್ತಿಕೊಳ್ಳಬಹುದು. ಗರಿಗರಿಯಾಗಿ ಒಣಗಿದ ರಾಗಿಹುಲ್ಲಿನಲ್ಲಿ ಇದು ಅಪರೂಪ, ನಿಜ. ಆದರೆ ಜೋತುಬಿದ್ದ ಕರೆಂಟ್ ತಂತಿ, ಎಸೆದ ಬೀಡಿ ಅಪರೂಪವಲ್ಲ. ಹುಲ್ಲು ಬಿಡಿಸುವಾಗ ಹೊರಮೈ ಹಳದಿಯಾಗೇ ಉಳಿದು ನಡು ಕರ್ರಗಾಗಿದ್ದರೆ, ಬೆಂಕಿ ಒಳಗಿಂದ ಬಂದಿರುವ ಸಾಧ್ಯತೆ ಹೆಚ್ಚು.

ತಪ್ಪು ಕಲ್ಪನೆ: ಇಟ್ಟವರು ಯಾರೆಂದು ಅಗ್ನಿಶಾಮಕದವರೇ ಬರೆದುಕೊಡಬೇಕು.
ಕರೆ ಬಂದ ಹೊತ್ತು, ಸುಟ್ಟದ್ದೇನು, ಸಂಭವನೀಯ ಕಾರಣವೇನು, ಅವರ ವರದಿ ಅಲ್ಲಿಗೆ ನಿಲ್ಲುತ್ತದೆ. ಆರೋಪಿಯನ್ನು ಹುಡುಕುವುದು ಪೊಲೀಸರ ಕೆಲಸ. ಬೇಕೆಂದೇ ಮನೆಗೆ ಬೆಂಕಿ ಹಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಂ ಜೀವಾವಧಿ ಶಿಕ್ಷೆಯವರೆಗೂ ಹೋಗುತ್ತದೆ. ಅಂಥ ಮಾತನ್ನು ಅಂದಾಜಿನ ಮೇಲೆ ಬರೆಯಲಾಗದು.

ನಮ್ಮೂರಿನ ಹುಡುಗನೇ ಅಗ್ನಿಶಾಮಕ ಠಾಣೆಯಲ್ಲಿದ್ದರೆ ಅವನ ಪಾಡು ಕೇಳಬೇಡಿ. ಜಲವಾಹನ ಠಾಣೆಗೆ ತಿರುಗುವಷ್ಟರಲ್ಲಿ ಭಾವನ ಫೋನು: ‘ಒಂದು ಗೆರೆ ಸೇರಿಸಪ್ಪ.’ ‘ಕಂಡಷ್ಟೇ ಬರೆಯೋದು ಭಾವ’ ಅಂದರೆ ಮುಂದಿನ ಹಬ್ಬಕ್ಕೆ ಕರೆಯಿಲ್ಲ. ಈ ಕೆಲಸದಲ್ಲಿ ಸಂಬಂಧ ಕೆಡಿಸುವುದು ಬೆಂಕಿಗಿಂತ ಇಂಥ ಒಂದು ಗೆರೆ.

ತಪ್ಪು ಕಲ್ಪನೆ: ತಂತಿ ಕರಗಿದೆ, ಅಂದರೆ ಶಾರ್ಟ್ ಸರ್ಕ್ಯೂಟ್.
ಬೇರೆ ಬೆಂಕಿಗೆ ತಂತಿಯ ಹೊದಿಕೆ ಕರಗಿ ಆಮೇಲೆ ಶಾರ್ಟ್ ಆಗುವುದೂ ಉಂಟು. ಸೀಮೆಎಣ್ಣೆ ಸುರಿದಿದ್ದರೆ ಅದರ ಗುರುತು ನೆಲದ ಬಿರುಕಿನಲ್ಲಿ ಉಳಿದಿರಬಹುದು. ವಾಸನೆ ಹಾರಿಹೋಗದಂತೆ ಆ ಮಣ್ಣನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. ನಾವೋ, ಮರುದಿನವೇ ಗುಡಿಸಿ ಸಾರಿಸಿಬಿಡುತ್ತೇವೆ.

ತಪ್ಪು ಕಲ್ಪನೆ: ಜೋಗಿಮಟ್ಟಿ ಕಾಡು ಹೊತ್ತಿದರೂ ಅಗ್ನಿಶಾಮಕದವರದೇ ಹೊಣೆ.
ಅಲ್ಲ, ಅರಣ್ಯ ಇಲಾಖೆಯದು. ಇವರು ನೆರವಿಗೆ ಹೋಗುತ್ತಾರೆ.

ತಪ್ಪು ಕಲ್ಪನೆ: ಬೆಂಕಿ ಆರಿದರೆ ಡ್ಯೂಟಿ ಮುಗಿಯಿತು.
2020ರ ಆಗಸ್ಟ್ 12ರಂದು ಹಿರಿಯೂರು ತಾಲ್ಲೂಕಿನ ಕೆ.ಆರ್.ಹಳ್ಳಿ ಬಳಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಹೊತ್ತಿ ಐವರು ತೀರಿಕೊಂಡರು, ಅವರಲ್ಲಿ ಮೂವರು ಮಕ್ಕಳು. ಅಂಥದ್ದನ್ನು ಕಂಡು ಬಂದವನು ಊಟದ ಮುಂದೆ ಸುಮ್ಮನೆ ಕೂತರೆ ಮನೆಯವರು ಸಿಟ್ಟು ಅಂದುಕೊಳ್ಳುತ್ತಾರೆ. ಸಿಟ್ಟಲ್ಲ, ಹೇಳಲು ಬಾಯಿ ಬಾರದು. ಮಸಿಯೂ ಹಿಂದೆಯೇ ಬರುತ್ತದೆ. ಬೆಂಕಿ ಆರಿಸುವ ವೃತ್ತಿಯನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ವರ್ಗೀಕರಿಸಿತು. ಹೊಗೆ ಕುಡಿದ ಸಮವಸ್ತ್ರ ಬೇರೆ ಬಕೆಟ್ಟಿನಲ್ಲೇ ನೆನೆಯಬೇಕು. ಓಡಿಬಂದ ಮಗುವನ್ನು ಎತ್ತಿಕೊಳ್ಳುವುದು ಸ್ನಾನವಾದ ಮೇಲೆ.

ಬಣವೆ ಹೊತ್ತಿದರೆ 112ಕ್ಕೆ ಫೋನ್ ಮಾಡಿ. ಮಹಜರು ಆಗುವವರೆಗೆ ಬೂದಿ ಕೆದಕಬೇಡಿ. ಠಾಣೆಯಲ್ಲಿರುವ ಭಾವಮೈದುನನಿಗೆ ಮಾತ್ರ ಫೋನ್ ಮಾಡಲೇಬೇಡಿ.