ನಿಮಗಿದು ಗೊತ್ತೇ? ಶತ್ರುನೆಲದಲ್ಲಿ ಇಳಿದವರು, ಮರಳಿ ಬಂದವರು!

ಮಡಿಕೇರಿಯ ಜನರಲ್ ಕಾರ್ಯಪ್ಪನವರ ಒಬ್ಬನೇ ಮಗ ಪಾಕಿಸ್ತಾನದಲ್ಲಿ ಸೆರೆಯಾಗಿದ್ದರು, ಗೊತ್ತೇ? ಹೆಸರು ನಂದಾ ಕಾರ್ಯಪ್ಪ. 1965ರ ಯುದ್ಧದಲ್ಲಿ ಹಂಟರ್ ವಿಮಾನದ ಪೈಲಟ್. ಸೆಪ್ಟೆಂಬರ್ 22ರಂದು ನೆಲದಿಂದ ಹಾರಿಬಂದ ಗುಂಡುಗಳು ವಿಮಾನಕ್ಕೆ ಬಡಿದವು. ಪ್ಯಾರಾಚೂಟ್‌ನಲ್ಲಿ ಇಳಿದರೆ ಎದುರಿಗೆ ಪಾಕ್ ಸೈನಿಕರು! ಮರುದಿನ ಬೆಳಗಿನ ಜಾವಕ್ಕೇ ಕದನವಿರಾಮ. ಕೆಲವೇ ಗಂಟೆಗಳ ಅಂತರದಲ್ಲಿ ಪಾರಾಗುವುದು ತಪ್ಪಿಹೋಯಿತು ನೋಡಿ!

ಆಗ ಪಾಕಿಸ್ತಾನದ ಅಧ್ಯಕ್ಷ ಯಾರು? ಅಯೂಬ್ ಖಾನ್. ದೇಶ ಒಡೆಯುವ ಮುಂಚೆ ಸೇನೆಯಲ್ಲಿ ಅವರು ಯಾರ ಕೈಕೆಳಗಿದ್ದರು? ಇದೇ ಕಾರ್ಯಪ್ಪನವರ ಕೈಕೆಳಗೆ!

ಹಳೆಯ ಸಾಹೇಬರ ಮಗ ಎಂದು ತಿಳಿದದ್ದೇ ತಡ, ಬೇಕಾದರೆ ಬಿಟ್ಟುಬಿಡುತ್ತೇವೆ ಎಂದು ಅಯೂಬ್ ಹೇಳಿ ಕಳಿಸಿದರು. ತಂದೆಯ ಉತ್ತರ ಏನಿತ್ತು ಗೊತ್ತೇ? ಅವನೀಗ ನನ್ನ ಮಗನಲ್ಲ, ದೇಶದ ಮಗ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ರಿಯಾಯಿತಿ ಬೇಡ ಎಂದುಬಿಟ್ಟರು! ಹೆತ್ತ ಕರುಳು ಅದನ್ನು ಹೇಗೆ ಹೇಳಿತೋ! ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಸೋಜಿಗ. ಬೆನ್ನಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದ ನಂದಾರನ್ನು ನೋಡಲು ಅಯೂಬ್ ಖಾನರ ಹೆಂಡತಿ ಮತ್ತು ಹಿರಿಮಗ ಬಂದರು. ಬರಿಗೈಲಿ ಬರಲಿಲ್ಲ! ಸಿಗರೇಟು, ಜೊತೆಗೆ ಓದಲಿಕ್ಕೆ ಪಿ.ಜಿ. ವುಡ್‌ಹೌಸ್‌ರ ನಗೆ ಕಾದಂಬರಿ!

ನಂದಾ ಬಿಡುಗಡೆಯಾದದ್ದು 1966ರ ಜನವರಿ 22ಕ್ಕೆ, ಉಳಿದವರ ಜೊತೆಗೇ. ಸರಿಯಾಗಿ ನಾಲ್ಕು ತಿಂಗಳು! ಮುಂದೆ ಅವರು ಏರ್ ಮಾರ್ಷಲ್ ಆದರು.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ್ ವಿಮಾನ ಕೇಳಿದ್ದೀರಾ? 1971ರ ಯುದ್ಧದಲ್ಲಿ, ಡಿಸೆಂಬರ್ 5ರಂದು ಅದನ್ನು ಹಾರಿಸುತ್ತಿದ್ದ ಜವಾಹರಲಾಲ್ ಭಾರ್ಗವ ಸಿಂಧ್ ಮರುಭೂಮಿಗೆ ಬಿದ್ದರು. ಗಾಬರಿಯಾದರೇ? ಇಲ್ಲ! ಕೈಗಡಿಯಾರವನ್ನು ಪಾಕಿಸ್ತಾನದ ಸಮಯಕ್ಕೆ ತಿರುಗಿಸಿಕೊಂಡರು. ನಾನು ಪಾಕ್ ವಾಯುಪಡೆಯ ಮನ್ಸೂರ್ ಅಲಿ ಖಾನ್ ಎಂದರು. ಹಳ್ಳಿಯವರು ನಂಬಿಯೂಬಿಟ್ಟರು! ಕೊನೆಗೆ ಸಿಕ್ಕಿಬಿದ್ದದ್ದು ಎಲ್ಲಿ? ಕಲ್ಮಾ ಹೇಳು ನೋಡೋಣ ಎಂದು ಪಾಕ್ ರೇಂಜರ್ ಒಬ್ಬ ಕೇಳಿದಾಗ! ಇಸ್ಲಾಮಿನ ನಂಬಿಕೆಯ ಆ ವಾಕ್ಯ ಇವರಿಗೆ ಬರಲಿಲ್ಲ.

ಈಗ ಹೇಳುವುದು ನನ್ನ ಅಚ್ಚುಮೆಚ್ಚಿನದು. 1972ರ ಆಗಸ್ಟ್. ದಿಲೀಪ್ ಪಾರುಲ್ಕರ್, ಗರೇವಾಲ್, ಹರೀಶ್ ಸಿನ್ಹ್‌ಜಿ, ಅದೇ ಯುದ್ಧದಲ್ಲಿ ಸೆರೆಯಾಗಿದ್ದ ಈ ಮೂವರು ಪೈಲಟ್‌ಗಳು ರಾವಲ್ಪಿಂಡಿ ಶಿಬಿರದ ಗೋಡೆ ಕೊರೆದು ಪರಾರಿ! ದಿಕ್ಸೂಚಿ ಎಲ್ಲಿಂದ ಬಂತು? ಹೊಲಿಗೆ ಸೂಜಿಗೆ ಕಾಂತ ಹಿಡಿಸಿ ಶಿಬಿರದಲ್ಲೇ ಮಾಡಿಕೊಂಡಿದ್ದರು!

ಪೇಶಾವರ ದಾಟಿ ಲಂಡಿ ಕೋತಲ್ ಮುಟ್ಟಿದರು. ಅಫ್ಘಾನ್ ಗಡಿಗೆ ಇನ್ನು ಏಳೆಂಟು ಕಿಲೋಮೀಟರ್ ಅಷ್ಟೇ. ಅಲ್ಲಿ ಲಂಡಿ ಖಾನಾಕ್ಕೆ ಹೋಗುವ ದಾರಿ ಕೇಳಿದರು. ಜನ ಕಣ್ಣರಳಿಸಿದರು. ಏಕೆ ಗೊತ್ತೇ? ಆ ರೈಲು ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು! ಅಷ್ಟು ಹಳೆಯ ಹೆಸರು ಕೇಳುವ ಇವರು ಯಾರು ಎಂದು ಸಂಶಯ ಹುಟ್ಟಿತು. ಹಿಡಿದೇಬಿಟ್ಟರು!

ಪ್ರಾಣ ಉಳಿದದ್ದು ಇನ್ನೂ ವಿಚಿತ್ರ. ನಾವು ಪಾಕ್ ವಾಯುಪಡೆಯವರೇ, ಬೇಕಾದರೆ ಉಸ್ಮಾನ್ ಹಮೀದ್‌ರನ್ನು ಕೇಳಿ ಎಂದು ಪಾರುಲ್ಕರ್ ಫೋನ್ ಮಾಡಿಸಿದರು. ಈ ಉಸ್ಮಾನ್ ಯಾರು? ಇವರನ್ನು ಕಾಯುತ್ತಿದ್ದ ಶಿಬಿರದ ಹಿಂದಿನ ಮುಖ್ಯಾಧಿಕಾರಿ! ಆತನಿಗೆ ಕ್ಷಣದಲ್ಲಿ ಎಲ್ಲ ಹೊಳೆಯಿತು. ಹೌದು, ನಮ್ಮವರೇ, ಇರಿಸಿಕೊಳ್ಳಿ, ಕೈ ಮಾಡಬೇಡಿ ಎಂದರು. ಎಂಥ ದೊಡ್ಡ ಮನುಷ್ಯ! ಆ ಮೂವರೂ ಭಾರ್ಗವರೂ 1972ರ ಡಿಸೆಂಬರ್ 1ರಂದು ವಾಘಾ ದಾಟಿ ಮನೆ ಸೇರಿದರು.

ಕಾರ್ಗಿಲ್ ಯುದ್ಧದಲ್ಲಿ ಸೆರೆಯಾದ ಪೈಲಟ್ ನಚಿಕೇತ ಎಂಟೇ ದಿನದಲ್ಲಿ ಬಿಡುಗಡೆಯಾದರು. ಬೆನ್ನಿನ ಪೆಟ್ಟಿನಿಂದ ಫೈಟರ್ ಕೈತಪ್ಪಿತು. ಆದರೆ ಹಾರುವುದನ್ನು ಬಿಡಲಿಲ್ಲ, ದೈತ್ಯ ಸಾಗಣೆ ವಿಮಾನ ಹಾರಿಸಿದರು!

ಅಭಿನಂದನ್ ವರ್ಧಮಾನ್ 2019ರ ಫೆಬ್ರುವರಿ 27ರಂದು ಸಿಕ್ಕಿ, ಮಾರ್ಚ್ 1ರ ರಾತ್ರಿ ಮರಳಿದ್ದು ನಿಮಗೆ ನೆನಪಿದೆ. ಆದರೆ ಇದು ಗೊತ್ತೇ? ಪಾಕಿಸ್ತಾನದಲ್ಲಿ ಸೆರೆಯಾಗುವ ಭಾರತೀಯ ಪೈಲಟ್ ಒಬ್ಬನ ಕಥೆಯನ್ನು ಮಣಿರತ್ನಂ 2017ರಲ್ಲೇ 'ಕಾಟ್ರು ವೆಳಿಯಿಡೈ' ಎಂಬ ತಮಿಳು ಸಿನಿಮಾ ಮಾಡಿದ್ದರು. ಅದಕ್ಕೆ ವಾಯುಪಡೆಯ ವಿಷಯದಲ್ಲಿ ಸಲಹೆ ಕೊಟ್ಟವರು ನಿವೃತ್ತ ಏರ್ ಮಾರ್ಷಲ್ ಎಸ್. ವರ್ಧಮಾನ್. ಅಭಿನಂದನ್‌ರ ಸ್ವಂತ ಅಪ್ಪ!