ಅಟ್ಟದ ಮೇಲಣ ಆಕಾಶವಾಣಿ

ಕುದುರೆಮುಖದ ಕಡೆಯಿಂದ ಇಳಿದು ಬರುವ ಆಷಾಢದ ಜಡಿಮಳೆ ವಾರಗಟ್ಟಲೆ ಬಿಸಿಲಿನ ಮುಖವನ್ನೇ ಮರೆಸಿಬಿಡುವ ಸಂಸೆಯಂಥ ಊರಿನಲ್ಲಿ, ಬಟ್ಟೆ, ಪುಸ್ತಕ, ಮರಮುಟ್ಟು ಮೊದಲಾದ ಸಮಸ್ತ ಗೃಹವಸ್ತುಗಳಿಗೂ ಬೂಷ್ಟೇ ಪರಮ ಶತ್ರುವೆಂಬುದನ್ನೂ, ಒಲೆಯ ಬಿಸಿಯೊಂದೇ ಅದಕ್ಕೆ ಮದ್ದೆಂಬುದನ್ನೂ ಮಲೆನಾಡಿನ ಗೃಹಿಣಿಯರು ತಲೆಮಾರುಗಳಿಂದ ಬಲ್ಲರು. ತೋಟದ ಮನೆಯ ಅಟ್ಟದಲ್ಲಿ ಗೋಣಿ ಹೊದ್ದು ಕುಳಿತ ಹಳೆಯ ವಾಲ್ವ್ ರೇಡಿಯೋವಿಗೂ ಇದೇ ಧರ್ಮ ಸಲ್ಲುತ್ತದೆ. ಹಾಡಿ ಸವೆದ ರೇಡಿಯೋಗಳಿಗಿಂತ, ಹಾಡುವುದನ್ನು ನಿಲ್ಲಿಸಿದ ಮೇಲೆ ಶೀತಕ್ಕೆ ಸಿಕ್ಕಿ ನಷ್ಟವಾದವುಗಳೇ ಹೆಚ್ಚು.

ಕನ್ನಡಿಗರಿಗೂ ಈ ಯಂತ್ರಕ್ಕೂ ಇರುವ ನಂಟು ಹಳೆಯದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕದಿಂದ ಪ್ರಸಾರವನ್ನಾರಂಭಿಸಿದರು. ಆ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ನಾಮಧೇಯವೇ ಮುಂದೆ ಸಮಸ್ತ ಭಾರತದ ಬಾನುಲಿಗೆ ಅಂಗೀಕೃತವಾಯಿತು.

ಹಳೆಯ ರೇಡಿಯೋವಿನ ಜೀವಾಳವಾದ ವಾಲ್ವ್ ಎಂಬುದು ಗಾಳಿಯನ್ನೆಲ್ಲ ತೆಗೆದ ಗಾಜಿನ ಬುರುಡೆ. ಅದರೊಳಗಣ ಕ್ಯಾಥೋಡ್ ಕಾದು ಕೆಂಪಾದಾಗ ಎಲೆಕ್ಟ್ರಾನುಗಳು ಹೊರಹೊಮ್ಮಿ, ಹೆಚ್ಚಿನ ವೋಲ್ಟೇಜಿನ ಆನೋಡಿನತ್ತ ಧಾವಿಸುತ್ತವೆ. ನಡುವೆ ಇರುವ ಗ್ರಿಡ್ ಎಂಬ ತಂತಿಯ ಜಾಲರಿಗೆ ಏರಿಯಲ್ ತಂದ ಕ್ಷೀಣ ಸಂಕೇತ ತಗಲಿದೊಡನೆ, ತೂಬನ್ನು ಕೊಂಚವೇ ಸರಿಸಿದರೆ ಕೆರೆಯ ನೀರೆಲ್ಲ ಏರಿಳಿಯುವಂತೆ, ಆ ಪ್ರವಾಹವೂ ಏರಿಳಿಯುತ್ತದೆ. ಗುಂಡಿ ತಿರುಗಿಸಿದ ಮೇಲೆ ಅರ್ಧ ನಿಮಿಷದಷ್ಟು ಕಾಯಬೇಕಾಗುವುದು ಈ ಕಾವಿಗಾಗಿಯೇ.

ಅಟ್ಟದಿಂದಿಳಿಸಿದ ರೇಡಿಯೋವನ್ನು ಕುತೂಹಲದಿಂದ ನೇರವಾಗಿ ವಿದ್ಯುತ್ತಿಗೆ ಜೋಡಿಸುವುದು ಮಹಾಪ್ರಮಾದ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳೊಳಗಿನ ತೆಳ್ಳನೆಯ ಆಕ್ಸೈಡ್ ಪೊರೆ ವಿದ್ಯುತ್ತಿನ ಸಹವಾಸದಿಂದಲೇ ದೃಢವಾಗಿರತಕ್ಕದ್ದಾದುದರಿಂದ, ಬಹುಕಾಲದ ನಿರುಪಯೋಗದಲ್ಲಿ ಅದು ಶಿಥಿಲವಾಗುತ್ತದೆ. ಮೇಣದ ಕಾಗದದ ಕಂಡೆನ್ಸರುಗಳು ಶೀತವನ್ನು ಹೀರಿ ಸೋರತೊಡಗುತ್ತವೆ. ಇವನ್ನು ಬದಲಿಸದೆ ಕರೆಂಟು ಹರಿಸಿದರೆ, ದುರ್ಲಭವಾದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ಆದುದರಿಂದ ಮೊದಲು ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಹೆಗ್ಗಣ ಕಡಿದ ವಯರುಗಳನ್ನು ಹೊಸದಾಗಿಸಿ, ಕಂಡೆನ್ಸರುಗಳನ್ನು ಬದಲಿಸಿ, ಅನಂತರ 60 ವ್ಯಾಟಿನ ತಂತಿಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ಪರೀಕ್ಷಿಸಬೇಕು. ಬಲ್ಬು ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆ ದೋಷವುಂಟೆಂದು ತಿಳಿದು ಕೂಡಲೆ ಆರಿಸತಕ್ಕದ್ದು. ಒಳಗೆ 250 ವೋಲ್ಟಿನಷ್ಟು ವಿದ್ಯುತ್ತಿದ್ದು, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಅದು ಉಳಿದಿರಬಹುದು. ಎಸಿ–ಡಿಸಿ ಮಾದರಿಗಳಲ್ಲಂತೂ ಲೋಹದ ತಳಹದಿಯೇ ಮನೆಯ ಕರೆಂಟಿಗೆ ನೇರವಾಗಿ ಅಂಟಿಕೊಂಡಿರುತ್ತದೆ. ಬಲ್ಲವರ ಸಹಾಯವಿಲ್ಲದೆ ಈ ಕೆಲಸಕ್ಕೆ ಕೈಹಾಕಲಾಗದು.

ಹೀಗೆ ಸಿದ್ಧವಾದ ಪೆಟ್ಟಿಗೆಗೆ ಇನ್ನು ಬೇಕಾದುದು ಏರಿಯಲ್. ಮನೆಯ ಸೂರಿನಿಂದ ಸಿಲ್ವರ್ ಓಕ್ ಮರಕ್ಕೆ ತಾಮ್ರದ ತಂತಿಯನ್ನೆಳೆದು, ಗುಡುಗು ಕೇಳಿದೊಡನೆ ಅದನ್ನು ರೇಡಿಯೋವಿನಿಂದ ಬಿಡಿಸಿಡುವ ಎಚ್ಚರ ನಮ್ಮ ಸೀಮೆಯಲ್ಲಿ ಅತ್ಯವಶ್ಯಕ. ಸಂಜೆಯಾದ ಮೇಲೆ ಮಧ್ಯಮ ತರಂಗಗಳು ಮೇಲಣ ವಾಯುಮಂಡಲಕ್ಕೆ ತಾಗಿ ಮರಳುವುದರಿಂದ, ಹಗಲು ಗುಡ್ಡಗಳ ಮರೆಯಲ್ಲಿ ಅಡಗಿದ್ದ ದೂರದ ದನಿಗಳೂ ಕಣಿವೆಗಿಳಿಯುತ್ತವೆ. ಮುಳ್ಳನ್ನು ಮೆಲ್ಲಗೆ ಸರಿಸುತ್ತ 675 ಕಿಲೋಹರ್ಟ್ಸಿಗೆ ತಂದರೆ ಸಿಗುವುದು 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರದ ನೆಲೆ. ಗಂಗಾಮೂಲದಲ್ಲಿ ಹುಟ್ಟಿ ಕಳಸದ ಮಗ್ಗುಲಲ್ಲಿ ಹರಿದುಹೋದ ಭದ್ರೆ ಯಾವ ಊರನ್ನು ಸೇರಿದಳೋ, ಆ ಊರಿನ ದನಿ ಹೊಳೆಯ ಹರಿವಿಗೆ ಎದುರಾಗಿ ಬೆಟ್ಟವನ್ನೇರಿ ಮರಳಿ ಬರುತ್ತದೆ. ಕೇಂದ್ರ ಸರಿಯಾಗಿ ಸಿಕ್ಕಿತೆಂದು ತೋರುವ ಹಸುರು ದೀಪವಾದ ‘ಮ್ಯಾಜಿಕ್ ಐ’ಯೊಳಗಿನ ನೆರಳು ಕಿರಿದಾಗಿ ಕೂಡಿದಾಗ ಆ ದನಿ ಸ್ಫುಟವಾಗಿ ನಿಲ್ಲುವ ಕ್ಷಣದ ಸಂತೋಷ, ಕೈಯಾರೆ ದುರಸ್ತಿ ಮಾಡಿದವನಿಗೆ ಇಮ್ಮಡಿ.

ದುರಸ್ತಿಯಾದ ರೇಡಿಯೋವನ್ನು ಗಾಜಿನ ಕಪಾಟಿನಲ್ಲಿಟ್ಟು ಪೂಜಿಸುವವರಿಗೆ ನನ್ನದೊಂದೇ ವಿನಂತಿ: ಮಳೆಗಾಲದಲ್ಲಂತೂ ದಿನಕ್ಕೊಮ್ಮೆ, ಸಂಜೆಯ ಕಾಫಿಯ ಹೊತ್ತಿನಲ್ಲಿ, ಅದನ್ನು ಹಾಡಗೊಡಿ. ವಾಲ್ವುಗಳ ಕಾವು ಪೆಟ್ಟಿಗೆಯ ಶೀತವನ್ನು ಓಡಿಸುವುದು. ಕಂಡೆನ್ಸರಿನ ಪೊರೆ ಗಟ್ಟಿಯಾಗಿ ಉಳಿಯುವುದು. ನಾವು ಕೇಳುತ್ತಿರುವವರೆಗೆ ಅದು ಬೆಚ್ಚಗಿರುತ್ತದೆ.